ಹುಳದ ತಟ್ಟೆಯಲ್ಲಿ ಪತ್ತೇದಾರ

ಕುದುರೆಯ ಚಿತ್ರ ಬಿಡಿಸಲು ಬಾರದವನು ಕುದುರೆ ಸವಾರನ ಕಥೆಗೆ ಕೈ ಹಾಕಬಾರದು. ಚಿತ್ರಕಥೆ ಪುಸ್ತಕಗಳ ಬಗ್ಗೆ ನನಗಿರುವ ಖಾರದ ಅಭಿಪ್ರಾಯಗಳಲ್ಲಿ ಇದೊಂದು, ಬಹುಶಃ ಎಲ್ಲಕ್ಕಿಂತ ಹಳೆಯದು. ಎಪ್ಪತ್ತರ ದಶಕದಲ್ಲಿ ಹೊಸೂರಿನ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಮಿಳು ಚಿತ್ರಕಥೆಗಳನ್ನು ಹಗ್ಗಕ್ಕೆ ನೇತುಹಾಕುತ್ತಿದ್ದರು. ಅಗ್ಗದ ಕಾಗದ, ಬರೀ ಕಪ್ಪು ಮಸಿ. ಓದಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಕಪ್ಪು. ಅದರಲ್ಲೊಬ್ಬ ಸವಾರ ಬರುತ್ತಿದ್ದ. ಮರಳುಗಾಡು, ಅಗಲ ಟೋಪಿ, ಸೊಂಟದ ಎರಡೂ ಕಡೆ ಪಿಸ್ತೂಲು. ಆದರೆ ಅವನು ಹತ್ತಿ ಕೂತಿದ್ದು ಕುದುರೆಯೋ ಕತ್ತೆಯೋ ಎಂಬುದು ಕೊನೆಯ ಪುಟದವರೆಗೂ ಇತ್ಯರ್ಥವಾಗುತ್ತಿರಲಿಲ್ಲ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ನಮ್ಮ ಮನೆಯ ಎದುರಿಗೇ ಒಂದು ಜಟಕಾ ನಿಲ್ಲುತ್ತಿತ್ತು. ಕುದುರೆಯ ಹಿಂಗಾಲು ಯಾವ ಕಡೆಗೆ ಮಡಚುತ್ತದೆ ಎಂದು ನನಗೆ ಗೊತ್ತಿತ್ತು. ಆ ಚಿತ್ರಗಾರನಿಗೆ ಗೊತ್ತಿರಲಿಲ್ಲ.

ಇದನ್ನು ಹೇಳಿದರೆ ಅಣ್ಣ ಸಿಡುಕುತ್ತಿದ್ದ. ಅವನು ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಪುಸ್ತಕ ತರುವವನೂ ಅವನೇ.

“ಕುದ್ರೆ ನೋಡ್ಬೇಕು ಅಂದ್ರೆ ಬೀದಿಗೋಗು. ಇಲ್ಲಿ ಕತೆ ನೋಡೇ.”

“ಆ ಕತೆ ಕುದ್ರೆ ಮೇಲೇ ತಾನೇ ಕೂತಿರಾದು? ಅದೇ ಕುಂಟಾದ್ರೆ?”

ಇಲ್ಲಿಂದ ಶುರುವಾದ ಜಗಳ ಮುದ್ದೆ ಮುರಿಯುವಾಗಲೂ ನಿಲ್ಲುತ್ತಿರಲಿಲ್ಲ. “ಯಾರಪ್ಪನ ಆಸ್ತಿ ಪಾಲು ಮಾಡ್ಕೊಂತಿದ್ದೀರಾ?” ಎಂದು ಅವ್ವ ಗದರುತ್ತಿದ್ದಳು. ನಮ್ಮದು ತಲೆತಲಾಂತರದಿಂದ ಈ ಕಡೆಯೇ ನೆಲೆನಿಂತ ಕನ್ನಡದ ಮನೆ. ಮನೆಯಲ್ಲಿ ಕನ್ನಡ, ಇಸ್ಕೂಲಿನಲ್ಲಿ ತಮಿಳು, ಅಂಗಡಿಬೀದಿಯಲ್ಲಿ ತೆಲುಗು. ನಾವು ಓದುತ್ತಿದ್ದುದು ತಮಿಳಿನಲ್ಲಿ, ಕಿತ್ತಾಡುತ್ತಿದ್ದುದು ಮಾತ್ರ ಕನ್ನಡದಲ್ಲಿ. ಯಾರಾದರೂ ಬೆಂಗಳೂರಿಗೆ ಹೋದವರು ತಂದುಕೊಟ್ಟರೆ ಕನ್ನಡದ್ದೂ ಸಿಗುತ್ತಿತ್ತು, ಅದೂ ಬಣ್ಣದ್ದು.

ಹಾಗೆ ಬಂದ ಕನ್ನಡದ ಪುಸ್ತಕವೊಂದರಲ್ಲಿ ಸರ್ಕಸ್ಸಿನ ಹುಡುಗಿಯ ಕಥೆ ಇತ್ತು. ಹಗ್ಗದ ಮೇಲೆ ನಡೆಯುವವಳು. ಅದರ ನಡುವೆ ಮೂರು ಪುಟ ಒಂದೂ ಮಾತಿಲ್ಲ. ಅವಳು ಏಣಿ ಹತ್ತುತ್ತಾಳೆ, ಕೆಳಗೆ ನೋಡುತ್ತಾಳೆ, ಕೆಳಗೆ ನಿಂತಿರಬೇಕಾಗಿದ್ದ ಅವಳಪ್ಪ ಅಲ್ಲಿಲ್ಲ. ಒಂದು ಕಾಲು ಹಗ್ಗದ ಮೇಲಿಡುತ್ತಾಳೆ. ಪುಟ ತಿರುವಿದರೆ ಹಗ್ಗ, ಪಾದ, ಹಗ್ಗ, ಪಾದ. “ಪ್ರೆಸ್ಸಿನೋನು ಮಾತು ಹಾಕೋದು ಮರ್ತವ್ನೆ” ಎಂದು ಅಣ್ಣನ ತೀರ್ಪು. ಇಡೀ ಪುಸ್ತಕದಲ್ಲಿ ಚೆನ್ನಾಗಿರುವುದೇ ಆ ಮೂರು ಪುಟ ಎಂದು ನನ್ನ ವಾದ. ಯುಗಾದಿಗೆ ಹಿಡಿದ ಈ ಜಗಳ ದೀಪಾವಳಿಗೂ ಬಿಡಲಿಲ್ಲ. ಈಗ ಯೋಚಿಸಿದರೆ ಆ ಪುಸ್ತಕಗಳಿಗಿಂತ ಆ ಜಗಳಗಳೇ ನನಗೆ ಹೆಚ್ಚು ರುಚಿಸಿದ್ದವು ಅನ್ನಿಸುತ್ತದೆ. ಓದಿದ ಮೇಲೆ ಕಿತ್ತಾಡಲು ಒಬ್ಬರಿಲ್ಲದಿದ್ದರೆ ಆ ಓದು ಉಪ್ಪಿಲ್ಲದ ಸಾರು.

ಎಂಬತ್ತರ ದಶಕದ ಮೊದಲಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆ ಬೇರಿಕೆಯಿಂದ ಆಚೆ ಒಂದು ಸಣ್ಣ ಊರು. ಮನೆಯಲ್ಲಿ ಗಂಡ ಮತ್ತು ಅತ್ತೆ, ಇಬ್ಬರೇ. ಗಂಡ ಹೊಸೂರಿನ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗಿಬರುತ್ತಿದ್ದರು. ಹೊಲ, ಎಮ್ಮೆ, ರೇಷ್ಮೆ ಹುಳ ಎಲ್ಲ ಅತ್ತೆಯ ರಾಜ್ಯ. ನಾನು ಹೋಗುವಾಗ ಒಂದು ತಗಡಿನ ಟ್ರಂಕಿನಲ್ಲಿ ಮೇಲೆ ನಾಲ್ಕು ಸೀರೆ ಹಾಸಿ, ಕೆಳಗೆಲ್ಲ ಚಿತ್ರಕಥೆಗಳನ್ನು ತುಂಬಿಕೊಂಡು ಹೋಗಿದ್ದೆ. ಎತ್ತಿಳಿಸಿದವರಿಗೆ ಸೊಂಟ ಹಿಡಿಯಿತು. ಬೆಳ್ಳಿ ಪಾತ್ರೆ ಇರಬೇಕೆಂದು ಓಣಿಯವರೆಲ್ಲ ಅಂದುಕೊಂಡರಂತೆ.

ಮುಚ್ಚಳ ತೆಗೆದಾಗ ಅತ್ತೆ ಬಗ್ಗಿ ನೋಡಿದರು. “ಇದೇನಮ್ಮ, ಇಷ್ಟೊಂದು ಕಾಗ್ದ?”

“ಪುಸ್ತಕ ಅತ್ತೆ. ಬೊಂಬೆ ಪುಸ್ತಕ, ಕತೇವು.”

“ಯಾರ ಮಕ್ಳಿಗೆ?”

“ನಂಗೇ.”

ನಾನು ಇನ್ನೂ ತೊಟ್ಟಿಲಲ್ಲಿ ಮಲಗುತ್ತೇನೆ ಎಂದಿದ್ದರೂ ಅವರು ಅಷ್ಟು ಬೆರಗಾಗುತ್ತಿರಲಿಲ್ಲ. ಆದರೆ ಒಳ್ಳೆಯ ಹೆಂಗಸು. “ಆಗ್ಲಿ ಬಿಡು, ಇಲಿ ಬೀಳ್ದಂಗೆ ನೋಡ್ಕೊ” ಎಂದು ಹೊಲಕ್ಕೆ ಹೋದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಕನ್ನಡವೂ ಇಲ್ಲ, ತಮಿಳೂ ಇಲ್ಲ. ಬಸ್ಸಿನ ಬೋರ್ಡನ್ನು ಡ್ರೈವರಿನ ಮುಖ ನೋಡಿ ಓದುತ್ತಿದ್ದರು.

ಗಂಡನೂ ಒಳ್ಳೆಯವರೇ. ನನಗೆ ಇಷ್ಟವೆಂದು ತಿಳಿದ ಮೇಲೆ ಹೊಸೂರಿನಿಂದ ಬರುವಾಗ ಆಗಾಗ ಒಂದು ಪುಸ್ತಕ ತರುತ್ತಿದ್ದರು. ತರಕಾರಿ ಆರಿಸಿದಷ್ಟೂ ಆರಿಸುತ್ತಿರಲಿಲ್ಲ; ಕೈಗೆ ಸಿಕ್ಕಿದ್ದು ಬಂತು. ಒಮ್ಮೆ ಎರಡನೆಯ ಭಾಗ ಬಂತು, ಮೊದಲನೆಯದು ಇವತ್ತಿಗೂ ಬಂದಿಲ್ಲ. ಆ ವರ್ಷ ನಾನು ಓದಿದವುಗಳಲ್ಲಿ ಹೆಚ್ಚಿನವು ಒಬ್ಬ ಪತ್ತೇದಾರನವು. ಊರೆಲ್ಲ ಬಿಸಿಲು ಸುಡುತ್ತಿದ್ದರೂ ಮಳೆಕೋಟು ಬಿಚ್ಚದ ಆಸಾಮಿ. ಅವನು ಕಳ್ಳನನ್ನು ಹಿಡಿಯುವುದಕ್ಕಿಂತ ಕಳ್ಳರೇ ಬಂದು ಅವನ ಕೈಗೆ ಬೀಳುವುದು ಹೆಚ್ಚು. ಇನ್ನು ಆ ಕಥೆಗಳ ಹೆಂಗಸರೋ, ಕುರ್ಚಿಗೆ ಕಟ್ಟಿಹಾಕಿಸಿಕೊಳ್ಳಲೆಂದೇ ಹುಟ್ಟಿದವರು. ಬಾಯಿಗೆ ಬಟ್ಟೆ, ಕಣ್ಣಲ್ಲಿ ನೀರು, ತಲೆಯಲ್ಲಿ ಮುಡಿದ ಹೂವು ಮಾತ್ರ ಅಲುಗಿರುವುದಿಲ್ಲ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ಯಾರಿಗೆ ಹೇಳಲಿ? ಗಂಡನಿಗೆ ಹೇಳಲು ಕೂತರೆ “ಊಂ, ಊಂ” ಎನ್ನುತ್ತ ನಿದ್ದೆ ಹೋಗುತ್ತಿದ್ದರು. ಒಮ್ಮೆ ಹಾಲು ಕರೆಯುತ್ತ ಎಮ್ಮೆಗೂ ಹೇಳಿದೆ. ಅದು ತಲೆಯಾಡಿಸಿತು. ಆದರೆ ಅದು ಎಲ್ಲದಕ್ಕೂ ತಲೆಯಾಡಿಸುವ ಎಮ್ಮೆ.

ಆ ಸಲ ಗೌರಿ ಹಬ್ಬಕ್ಕೆ ತವರಿಗೆ ಹೋಗುವಾಗ ಅದಕ್ಕೇ ಒಂದು ಹೊಸ ಪುಸ್ತಕವನ್ನು ಅಣ್ಣನಿಗೆಂದು ಚೀಲದಲ್ಲಿಟ್ಟುಕೊಂಡೆ. ಮಳೆಕೋಟಿನವನದೇ. ಬಸ್ಸಿನಲ್ಲಿ ಕೂತು, ಅವನು ಏನು ಅಂತಾನೆ, ನಾನು ಏನು ಅನ್ನಬೇಕು ಎಂದು ಸಿದ್ಧಮಾಡಿಕೊಂಡೆ. ಮತ್ತಿಗಿರಿ ಬರುವಷ್ಟರಲ್ಲಿ ಮನಸ್ಸಿನಲ್ಲೇ ಅವನನ್ನು ಎರಡು ಸಲ ಸೋಲಿಸಿದ್ದೆ. ಅಣ್ಣ ಆಗ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ, ಮೀಸೆ ಬಿಟ್ಟಿದ್ದ. ಪುಸ್ತಕ ಕೊಟ್ಟೆ. ಹಿಂದು ಮುಂದು ತಿರುಗಿಸಿ ನೋಡಿದ.

“ಇನ್ನೂ ಇದ್ನೇ ಓದ್ತಿದ್ದೀಯಾ? ಮದ್ವೆ ಆಗೋದೋಳು ಕಣಮ್ಮ ನೀನು.”

ಆಮೇಲೆ ಅದನ್ನೇ ಮಡಚಿ ಗಾಳಿ ಬೀಸಿಕೊಂಡ. ಬೇಕೆಂದು ಮಾಡಿದ್ದಲ್ಲ, ಸೆಕೆ ಇತ್ತು. ಆದರೆ ನಾನು ಎದ್ದು ಅಡುಗೆಮನೆಗೆ ಹೋಗಿ ಅವ್ವನ ಜೊತೆ ಒಬ್ಬಟ್ಟು ತಟ್ಟಲು ಕೂತೆ. ಮೊರದ ಬಾಗಿನ, ಸೀರೆ, ಒಬ್ಬಟ್ಟು ಎಲ್ಲ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಒಬ್ಬಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನು ಮೇಲೆ ನಾನು ಓದಿದ್ದು ನನ್ನೊಳಗೇ ಉಳಿಯುತ್ತದೆ ಎಂದು ಅಳು ಬಂತು.

ಮನೆಗೆ ಬಂದರೆ ಟ್ರಂಕಿನ ಮುಚ್ಚಳ ತೆರೆದಿತ್ತು. ಒಳಗೆ ಸೀರೆಗಳಿದ್ದವು. ಅವುಗಳ ಕೆಳಗೆ ತಗಡಿನ ತಳ ಕಾಣುತ್ತಿತ್ತು.

ಅತ್ತೆ ಹುಳದ ಮನೆಯಲ್ಲಿದ್ದರು. ಹುಳದ ಮನೆ ಎಂದರೆ ಮನೆಯ ಪಕ್ಕಕ್ಕೇ ಕಟ್ಟಿದ ಉದ್ದನೆಯ ಕೋಣೆ. ಅದರೊಳಗೆ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಬಿದಿರಿನ ದೊಡ್ಡ ತಟ್ಟೆಗಳು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆಲ್ಲ ನೀರಿನ ಬಟ್ಟಲು. ತಟ್ಟೆಗೆ ಕಾಗದ ಹಾಸಿ, ಅದರ ಮೇಲೆ ಹುಳ ಬಿಟ್ಟು, ಹುಳದ ಮೇಲೆ ಸೊಪ್ಪು ಹಾಕುತ್ತಾರೆ. ಯಾವಾಗಲೂ ಟೀ ಅಂಗಡಿಯಿಂದ ಹಳೆಯ ಪೇಪರು ಬರುತ್ತಿತ್ತು. ಈ ಸಲ ಟೀ ಅಂಗಡಿಯವನು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದ. ನಾನು ಒಳಗೆ ಹೋಗಿ ನೋಡುತ್ತೇನೆ, ಪ್ರತಿ ತಟ್ಟೆಯ ಅಂಚಿನಲ್ಲೂ ನನ್ನ ಪುಸ್ತಕದ ಹಾಳೆ. ಪಿನ್ನು ಬಿಚ್ಚಿ, ಹಾಳೆ ಬಿಡಿಸಿ, ಅಚ್ಚುಕಟ್ಟಾಗಿ ಹಾಸಿದ್ದರು. ಒಂದು ಮೂಲೆಯಲ್ಲಿ ಮಳೆಕೋಟಿನ ತೋಳು, ಇನ್ನೊಂದರಲ್ಲಿ ಆ ಕತ್ತೆಯಂಥ ಕುದುರೆಯ ಬಾಲ. ಮೇಲೆಲ್ಲ ಹುಳ.

“ಬಂದಾ?” ಎಂದರು ಅತ್ತೆ, ಬಲು ಖುಷಿಯಿಂದ. “ನಿನ್ ಕಾಗ್ದ ಎಷ್ಟು ಚೆನ್ನಾಗೈತೆ ಕಣಮ್ಮ! ಪೇಪರ್‌ಗಿಂತ ಗಟ್ಟಿ. ಹುಳ ಎಂಗ್ ಬೆಳ್ದವೆ ನೋಡು.”

“ಅತ್ತೆ, ಅವು ನನ್ ಪುಸ್ತಕ!”

“ಓದಿದ್ದೆಲ್ಲ ತಾನೇ? ಓದ್ದಿರಾದು ಏನಾರ ಇತ್ತಾ?”

ಆ ಮನೆಯಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಹುಳ ತಿಂದು ಬಿಟ್ಟ ಸೊಪ್ಪು ಎಮ್ಮೆಗೆ, ಹುಳದ ಹಿಕ್ಕೆ ತಿಪ್ಪೆಗೆ, ಸೊಪ್ಪಿನ ಕಡ್ಡಿ ಒಲೆಗೆ. ಉಟ್ಟ ಸೀರೆ ಕೌದಿಗೆ ಹೋಗುವಂತೆ ಓದಿದ ಪುಸ್ತಕ ತಟ್ಟೆಗೆ. ಅತ್ತೆಯ ಲೆಕ್ಕದಲ್ಲಿ ಅವರು ನನ್ನ ವಸ್ತುವಿಗೆ ಒಂದು ಒಳ್ಳೆಯ ಗತಿ ಕಾಣಿಸಿದ್ದರು. ಸರ್ಕಸ್ಸಿನ ಹುಡುಗಿಯ ಬಣ್ಣದ ಅಂಚೊಂದು ಕಂಡಿದ್ದೇ ಎಳೆಯಲು ಕೈ ಹಾಕಿದೆ. ಅತ್ತೆ ಮಣಿಕಟ್ಟು ಹಿಡಿದುಬಿಟ್ಟರು.

“ಮುಟ್ಬೇಡ! ಜ್ವರಕ್ಕೆ ಕೂತವೆ.”

ರೇಷ್ಮೆ ಹುಳ ಬೆಳೆಯುತ್ತ ನಡುನಡುವೆ ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು, ಪೊರೆ ಕಳಚುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಜ್ವರದ ಹುಳವನ್ನು ಅಲುಗಿಸಿದರೆ ಕೆಟ್ಟುಹೋಗುತ್ತದೆ. ಆಗ ತಟ್ಟೆ ಮುಟ್ಟುವವರಿಲ್ಲ, ಜೋರಾಗಿ ಬಾಗಿಲು ಹಾಕುವವರೂ ಇಲ್ಲ. ಮನೆಯ ಅರ್ಧ ವರ್ಷದ ಬದುಕು ಆ ತಟ್ಟೆಗಳಲ್ಲಿ ಜ್ವರ ಹಿಡಿದು ಕೂತಿತ್ತು, ನನ್ನ ಪುಸ್ತಕಗಳೆಲ್ಲ ಅದರಡಿ. ಕೈ ಹಿಂದಕ್ಕೆ ತೆಗೆದೆ. ಸೊಪ್ಪಿನ ಕೋಣೆಗೆ ಹೋಗಿ ಗೋಣಿಚೀಲದ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಗಂಡ ಬಂದರು, ನಡೆದದ್ದು ಕೇಳಿದರು. “ಹೇಳ್ಬೇಕಾಗಿತ್ತು” ಎಂದರು. ಯಾರು ಯಾರಿಗೆ ಎಂದು ಕೇಳಿದೆ. “ಒಬ್ರಿಗೊಬ್ರು” ಎಂದು ಕೈ ತೊಳೆದುಕೊಂಡು ಊಟಕ್ಕೆ ಕೂತರು. ಯೂನಿಯನ್ ಲೀಡರ್ ಆಗಬೇಕಾಗಿದ್ದ ಮನುಷ್ಯ.

ಜ್ವರ ಇಳಿಯಿತು. ಹುಳಗಳಿಗೆ ಸೊಪ್ಪು ಕೊಟ್ಟು, ಅವನ್ನು ಬೇರೆ ತಟ್ಟೆಗೆ ಎತ್ತಿಹಾಕಿ, ಹಳೆಯ ತಟ್ಟೆಯ ಹಿಕ್ಕೆ ಕಸ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಒಗ್ಗರಣೆ ಕೈಯಲ್ಲಿ ಹೋಗುವ ಹಾಗಿಲ್ಲ. ಮಿಂದು, ಬರಿ ತಲೆಯಲ್ಲಿ, ನಾನೂ ಅತ್ತೆಯೂ ಒಳಗೆ ಸೇರಿಕೊಂಡೆವು. ನಾನು ಬಾಯಿ ಬಿಗಿದುಕೊಂಡಿದ್ದೆ. ಕೆಲಸ ಮಾಡುತ್ತೇನೆ, ಮಾತಾಡುವುದಿಲ್ಲ ಎಂದು ತೀರ್ಮಾನವಾಗಿತ್ತು.

ಮೊದಲನೆಯ ತಟ್ಟೆ ಖಾಲಿಯಾಯಿತು. ಅತ್ತೆ ಹಿಕ್ಕೆ ಗುಡಿಸಿದರು. ಕೆಳಗೆ ಪತ್ತೇದಾರ ಕಾಣಿಸಿಕೊಂಡ, ಎರಡೂ ಕೈ ಮೇಲೆತ್ತಿ ಕೆಳಕ್ಕೆ ಬೀಳುತ್ತಿದ್ದಾನೆ.

“ಇವ್ನು ಯಾಕಮ್ಮ ಇಂಗವ್ನೆ?”

ನಾನು ಹಿಕ್ಕೆಯ ಬುಟ್ಟಿ ಎಳೆದುಕೊಂಡೆ. ಅತ್ತೆ ಸ್ವಲ್ಪ ಹೊತ್ತು ನೋಡಿ ತಾವೇ ಬಗೆಹರಿಸಿಕೊಂಡರು. “ಬಾವಿಗಿಳೀತಾವ್ನೆ. ಹೂಳೆತ್ತಾಕೆ.”

ನುಂಗಿಕೊಂಡೆ. ಎರಡನೆಯ ತಟ್ಟೆ ಎತ್ತಿದೆವು. ಅದರಲ್ಲಿ ಇಬ್ಬರು ಬಂಡೆಯ ಮೇಲೆ ನಿಂತು ನಗುತ್ತಿದ್ದರು. “ಇವ್ರು ಹಗ್ಗ ಹಿಡ್ಯೋ ಆಳುಗ್ಳು. ಹಗ್ಗ ಬಿಟ್ಬುಟ್ಟವ್ರೆ, ಬೇವರ್ಸಿಗಳು” ಎಂದರು ಅತ್ತೆ.

ಓದುವ ಯಾವಳು ಇದನ್ನು ಸಹಿಸಿಯಾಳು? “ಬಾವೀನೂ ಅಲ್ಲ, ಹೂಳೂ ಅಲ್ಲ ಅತ್ತೆ! ಅವರು ಕಳ್ರು. ಬೆಟ್ಟದ ಮೇಲಿಂದ ಅವನನ್ನ ತಳ್ಬುಟ್ಟವ್ರೆ!”

“ಅಯ್ಯೋ! ಯಾಕೆ?”

“ಅವರ ಗುಟ್ಟು ಅವನಿಗೆ ಗೊತ್ತಾಗೋಯ್ತು.”

“ಸತ್ನಾ?”

“ಇಲ್ಲ. ಗಿಡ ಹಿಡ್ಕೊಂಡ.”

ಅತ್ತೆ ಮತ್ತೆ ಮೊದಲನೆಯ ತಟ್ಟೆಗೆ ಹೋಗಿ ಬಗ್ಗಿ ನೋಡಿದರು. “ಗಿಡ ಎಲ್ಲೈತೆ? ಇಲ್ಲಿ ಒಂದು ಹುಲ್ಲುಕಡ್ಡೀನೂ ಇಲ್ಲ. ನೀನು ಸುಳ್ಳೇಳ್ತೀಯಾ.”

ನಿಜಕ್ಕೂ ಇರಲಿಲ್ಲ. ಮುಂದಿನ ಪುಟದಲ್ಲಿ ಗಿಡ ಎಲ್ಲಿಂದಲೋ ಬಂದುಬಿಡುತ್ತದೆ. ಅಷ್ಟು ಸಲ ಓದಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಅಲ್ಲಿಂದ ಮೌನ ಮುರಿದುಬಿತ್ತು. ಹಾಳೆಗಳೆಲ್ಲ ಕಲಸಿಹೋಗಿದ್ದರಿಂದ ಕಥೆ ತಟ್ಟೆಯ ಸಾಲಿನಲ್ಲಿ ಬರುತ್ತಿತ್ತು. ಮೇಲಿನ ತಟ್ಟೆಯಲ್ಲಿ ಕುದುರೆ ಸವಾರ ಗುಂಡು ತಿಂದು ಬಿದ್ದರೆ ಕೆಳಗಿನದರಲ್ಲಿ ಎದ್ದು ಚಹಾ ಕುಡಿಯುತ್ತಿದ್ದ. ಅತ್ತೆಗೆ ಅದೇನೂ ತೊಂದರೆಯಾಗಲಿಲ್ಲ. “ಇದ್ರಲ್ಲಿ ಇನ್ನೂ ಸತ್ತಿಲ್ಲ” ಎಂದು ಮುಂದಕ್ಕೆ ಹೋಗುತ್ತಿದ್ದರು. ತಮಿಳಿನ ಮಾತನ್ನು ನಾನು ಅಲ್ಲೇ ಕನ್ನಡ ಮಾಡಿ ಓದುತ್ತಿದ್ದೆ. ಮರಳುಗಾಡಿನ ಪೊಲೀಸನು “ಲೇ, ಕೈ ಎತ್ಲಾ, ಇಲ್ದಿದ್ರೆ ಸುಟ್ಬುಡ್ತೀನಿ ಕಣ್ಲಾ” ಎಂದಾಗ ಅತ್ತೆಗೆ ತಮ್ಮ ದಾಯಾದಿಯೊಬ್ಬನ ನೆನಪಾಗಿ ನಕ್ಕು ಕೆಮ್ಮು ಹತ್ತಿತು.

ಅವರ ಅಭಿಪ್ರಾಯಗಳು ನನ್ನವಕ್ಕಿಂತ ಖಾರ. ಸವಾರನನ್ನು ಅವರು ಒಪ್ಪಲೇ ಇಲ್ಲ. ಬೆಟ್ಟ ಹತ್ತಿದ, ಹೊಳೆ ದಾಟಿದ, ಹತ್ತು ಜನರನ್ನು ಹೊಡೆದ, ಒಂದು ತುತ್ತು ಮುದ್ದೆ ತಿನ್ನಲಿಲ್ಲ. “ಹೊಟ್ಟೆ ಇಲ್ದೋನ ಕತೆ ಏನ್ ಕತೆ?” ಎಂದುಬಿಟ್ಟರು. ಕುರ್ಚಿಗೆ ಕಟ್ಟಿಸಿಕೊಂಡ ಹೆಂಗಸನ್ನು ನೋಡಿ ನನ್ನಷ್ಟೇ ಸಿಟ್ಟಾದರು, ಆದರೆ ಕಾರಣ ಬೇರೆ. “ಕಾಲು ಬಿಟ್ಟವ್ರಲ್ಲ, ಒದೀಬಾರ್ದಾ ಇವ್ಳು?” ಕಳ್ಳರ ನಾಯಕನ ಮೇಲೆ ಮಾತ್ರ ಅವರಿಗೆ ವಿನಾಕಾರಣ ಪ್ರೀತಿ. ಅವನ ಮುದಿ ತಾಯಿ ಒಂದು ಚೌಕದಲ್ಲಿ ಬಂದುಹೋಗುತ್ತಾಳೆ, ಅಷ್ಟಕ್ಕೇ ಅವನು ಒಳ್ಳೆಯವನಾಗಿಬಿಟ್ಟ. ಅವನು ಬ್ಯಾಂಕು ದೋಚಿದ್ದನ್ನು ನಾನು ಎಷ್ಟು ತೋರಿಸಿದರೂ “ಅವ್ವನ್ನ ನೋಡ್ಕೊಂತಾವ್ನಲ್ಲ” ಎನ್ನುತ್ತಿದ್ದರು. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಬೆಳಿಗ್ಗೆ ಎದ್ದಾಗ, ಇವತ್ತು ಯಾವ ತಟ್ಟೆ ಎಂದು ನೆನೆದು ನನಗೇ ಗೊತ್ತಿಲ್ಲದೆ ಬೇಗ ಮೀಯುತ್ತಿದ್ದೆ.

ಒಂದು ಮಧ್ಯಾಹ್ನ ಸರ್ಕಸ್ಸಿನ ಹುಡುಗಿಯ ತಟ್ಟೆ ಬಂತು. ಹಿಕ್ಕೆ ಸರಿಸಿದರೆ ಆ ಮಾತಿಲ್ಲದ ಪುಟಗಳೇ. ಸೊಪ್ಪಿನ ತೇವಕ್ಕೆ ಬಣ್ಣ ಕದಡಿತ್ತು, ಗೆರೆ ಉಳಿದಿತ್ತು. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದರು.

“ಹತ್ತವ್ಳೆ. ಕೆಳಿಕ್ಕೆ ನೋಡ್ತಾವ್ಳೆ. ಯಾರ್ನೋ ಹುಡುಕ್ತಾವ್ಳೆ, ಅವ್ರಿಲ್ಲ.” ಬೆರಳು ಮುಂದಿನ ಚೌಕಕ್ಕೆ ಹೋಯಿತು. “ಇಳೀಬೇಕು ಅಂತವ್ಳೆ. ಊಹೂಂ, ಇಳ್ಯಲ್ಲ. ಕಾಲಿಟ್ಳು.” ಹಗ್ಗ, ಪಾದ, ಹಗ್ಗ, ಪಾದ. ಅವರ ಬೆರಳು ಹಗ್ಗದ ಮೇಲೇ ನಡೆದುಹೋಯಿತು. ಸುತ್ತಲೂ ಹುಳಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಂದ ಹಾಗೆ.

“ಇದು ಚೆನ್ನಾಗೈತೆ” ಎಂದರು ಅತ್ತೆ. “ಮಿಕ್ಕಿದ್ರಲ್ಲೆಲ್ಲ ಬಾಯಿ ಜಾಸ್ತಿ.”

ನನಗೆ ಕಣ್ಣಲ್ಲಿ ನೀರು ಬಂತು. ಹಿಂದೆ ಗೋಣಿಚೀಲದ ಮೇಲೆ ಕೂತು ಸುರಿಸಿದ ನೀರಲ್ಲ ಅದು. ಅಣ್ಣನ ಹತ್ತಿರ ವರ್ಷವಿಡೀ ಕಿತ್ತಾಡಿದರೂ ಗೆಲ್ಲದಿದ್ದ ಮಾತನ್ನು ಇವರು ನಾನು ಕೇಳದೆಯೇ ಕೊಟ್ಟುಬಿಟ್ಟಿದ್ದರು.

“ಯಾಕಮ್ಮ?” ಎಂದರು.

“ಈ ಪುಸ್ತಕ ಅಂದ್ರೆ ನಂಗೆ ಪ್ರಾಣ ಅತ್ತೆ.”

ಅತ್ತೆ ಹಾಳೆಯನ್ನೂ ನನ್ನನ್ನೂ ನೋಡಿದರು. ಅವರ ಮುಖ ಸಣ್ಣದಾಯಿತು. “ಇದ್ರಲ್ಲಿ ಇಷ್ಟು ಜನ ಅವ್ರೆ ಅಂತ ಗೊತ್ತಿದ್ರೆ ನಾನು ಹಾಸ್ತಿರ್ಲಿಲ್ಲ ಕಣಮ್ಮ” ಎಂದರು.

ಹುಳ ಬಲಿತು ಹಣ್ಣಾದವು, ಗೂಡು ಕಟ್ಟಿದವು. ಬೆಳೆ ಚೆನ್ನಾಗಿಯೇ ಬಂತು. ಒಂದೆರಡು ತಟ್ಟೆಯಲ್ಲಿ ರೋಗದ ಹುಳ ಕಂಡಿದ್ದರಿಂದ ಹಾಸಿದ ಕಾಗದವನ್ನೆಲ್ಲ ಸುಡಲೇಬೇಕಾಯಿತು. ಅದು ಅಲ್ಲಿಯ ಕ್ರಮ. ಇಟ್ಟುಕೊಂಡರೆ ಮುಂದಿನ ಬೆಳೆಗೂ ಹತ್ತುತ್ತದೆ. ಅತ್ತೆ ತಾವು ಹಾಕಲು ಹಿಂಜರಿದರು. ನಾನೇ ಬೆಂಕಿಗೆ ಹಾಕಿದೆ. ಪತ್ತೇದಾರನ ಮಳೆಕೋಟು ಕೊನೆಗೂ ಉಪಯೋಗಕ್ಕೆ ಬರಲಿಲ್ಲ. ಸರ್ಕಸ್ಸಿನ ಹುಡುಗಿಯ ಹಾಳೆ ಹಾಕುವಾಗ ನೋವಾಯಿತು, ನಿಜ. ಆದರೆ ನಾನು ಅಂದುಕೊಂಡಿದ್ದಷ್ಟು ಅಲ್ಲ.

ಆಮೇಲೆ ಗಂಡ ತಂದ ಮೊದಲನೆಯ ಪುಸ್ತಕ ನನ್ನ ಕೈಗೆ ಬರಲೇ ಇಲ್ಲ. ಅವರ ಚೀಲದಿಂದ ಅತ್ತೆ ಅದನ್ನು ಮೊದಲೇ ಎತ್ತಿಕೊಂಡಿದ್ದರು. “ನೀನು ಮುಂಚೆ ಓದ್ಬೇಡ. ಓದ್ಬುಟ್ರೆ ನಿನ್ ಮುಖದಲ್ಲೇ ಗೊತ್ತಾಗೋಗ್ತದೆ. ಜೊತೆಗೆ ಓದಾನ” ಎಂದರು. ದಿನವೂ ಮಧ್ಯಾಹ್ನ ಎಮ್ಮೆಗೆ ನೀರು ಕುಡಿಸಿದ ಮೇಲೆ ಜಗಲಿಯಲ್ಲಿ ಕೂತು ಓದಿದೆವು. ಸಮುದ್ರದ ದಡದ ಊರಿನ ಕಥೆ. ಕಳ್ಳಸಾಗಾಣಿಕೆ ಮಾಡುವ ಗಂಡ, ಅವನು ಚಿನ್ನ ಬಚ್ಚಿಟ್ಟ ಜಾಗವನ್ನು ಪೊಲೀಸರಿಗೆ ತೋರಿಸಿಕೊಡುವ ಹೆಂಡತಿ. ಗಂಡ ಜೈಲಿಗೆ ಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಅವಳು ಕೈಚೀಲ ಹಿಡಿದು ಬಸ್ಸು ಹತ್ತುತ್ತಿದ್ದಾಳೆ, ಹಿಂದೆ ದೂರದಲ್ಲಿ ಅವಳ ಮನೆ. ಒಂದು ಮಾತೂ ಇಲ್ಲ. ನಾನು ನೋಡಿದ್ದರಲ್ಲೆಲ್ಲ ಒಳ್ಳೆಯ ಮುಕ್ತಾಯ ಅದು. ಇಷ್ಟು ಧೈರ್ಯ ಮಾಡಿದವಳು ಆ ಊರಲ್ಲಿ ಯಾಕಿರುತ್ತಾಳೆ? ಹೊಸ ಊರಿಗೆ ಹೋಗುತ್ತಾಳೆ, ಹೊಸದಾಗಿ ಬದುಕುತ್ತಾಳೆ. ನಾನು ಹಾಗೆಂದೆ.

“ಸಂತೆಗೆ ಹೋಗ್ತಾವ್ಳೆ” ಎಂದರು ಅತ್ತೆ. “ವಾಪಸ್ ಬತ್ತಾಳೆ.”

“ಬರಲ್ಲ ಅತ್ತೆ. ಗಂಡನ್ನೇ ಹಿಡ್ಕೊಟ್ಟು, ಇನ್ನೇನು ಬರ್ತಾಳೆ?”

“ತಪ್ಪು ಮಾಡ್ದೋನು ಅವ್ನು. ಜೈಲಿಗೆ ಹೋಗ್ಬುಟ್ಟ. ಮನೆ ಏನ್ ಮಾಡ್ತು? ಸಾರ್ಸಿದ್ದು ಇವ್ಳು, ಗುಡ್ಸಿದ್ದು ಇವ್ಳು. ಇವ್ಳ್ಯಾಕೆ ಬಿಟ್ಟೋಗ್ಬೇಕು?”

“ಊರೋರು ಆಡ್ಕೊಳ್ಳಲ್ವಾ?”

“ಆಡ್ಕೊಳ್ಲಿ. ನಂಗೂ ಆಡ್ಕೊಂಡ್ರು, ನಾನೇನ್ ಬಿಟ್ಟೋದ್ನಾ?”

ಮಾವ ತೀರಿಹೋದಾಗ ಅವರ ದಾಯಾದಿಗಳು ಜಮೀನಿನ ವಿಷಯಕ್ಕೆ ಇವರನ್ನು ಏನೇನೋ ಅಂದಿದ್ದರೆಂದು ಕೇಳಿದ್ದೆ. ಅಲ್ಲಿಗೆ ಸುಮ್ಮನಾಗಬೇಕಾಗಿತ್ತು. ಆದರೆ ನಾನು ಪುಸ್ತಕದ ಜಗಳದಲ್ಲಿ ಯಾವತ್ತೂ ಸುಮ್ಮನಾದವಳಲ್ಲ. “ಅದು ನಿಮ್ಮ ಕತೆ ಅತ್ತೆ, ಇದು ಅವಳ ಕತೆ” ಎಂದುಬಿಟ್ಟೆ. ಅತ್ತೆ ಪುಸ್ತಕ ಎತ್ತಿಕೊಂಡು ಒಳಗೆ ಹೋದರು. ಅವತ್ತಿನಿಂದ ಮಾತು ಬಿಟ್ಟರು.

ಮಾತು ಬಿಟ್ಟರು ಎಂದರೆ ನೇರವಾಗಿ ಆಡುವುದನ್ನು ಬಿಟ್ಟರು, ಅಷ್ಟೇ. ಗಂಡನ ಮೂಲಕ ಎಲ್ಲ ನಡೆಯುತ್ತಿತ್ತು. “ಉಪ್ಪು ಆಗೋಗೈತೆ ಅಂತ ನಿನ್ನೆಂಡ್ರಿಗೆ ಹೇಳ್ಲಾ. ಅಂಗೇ ಅವ್ಳು ಬಂದೇ ಬತ್ತಾಳೆ ಅಂತಾನೂ ಹೇಳು.” ಗಂಡ ಕಂಗಾಲಾಗಿ “ಯಾರವ್ವ ಬರೋದು? ಎಲ್ಲಿಂದ?” ಎಂದು ಕೇಳುತ್ತಿದ್ದರು. ನಾನು ಒಲೆಯ ಮುಂದಿನಿಂದ “ಬರಲ್ಲ ಅಂತ ಹೇಳ್ರಿ” ಎನ್ನುತ್ತಿದ್ದೆ. ಅತ್ತೆ ಸೊಸೆ ಮಾತಾಡುತ್ತಿಲ್ಲವೆಂದು ಓಣಿಯಲ್ಲಿ ಸುದ್ದಿಯಾಯಿತು. ಪಕ್ಕದ ಮನೆಯ ತೆಲುಗಿನ ಅಕ್ಕ ರಾಜಿ ಮಾಡಿಸಲು ಬಂದರು. ಪಾತ್ರೆಗಾ, ಚಿನ್ನಕ್ಕಾ ಎಂದು ಮೆಲ್ಲಗೆ ಕೇಳಿದರು. ನಾನು ಕಥೆ ಹೇಳಿದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿ, ಕೊನೆಗೆ “ಪೊಲೀಸರಿಗೆ ಯಾಕೆ ಹೇಳ್ಬೇಕಾಗಿತ್ತು ಆಕೆ?” ಎಂದು ಮೂರನೆಯದೊಂದು ತಕರಾರು ತೆಗೆದು ಹೋದರು.

ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ನಗುತ್ತೀರಿ. ಅಣ್ಣನೂ ನನ್ನ ಜೊತೆ ಎಷ್ಟೋ ಸಲ ಕೂಗಾಡಿದ್ದ, ಪುಸ್ತಕ ಕಿತ್ತುಕೊಂಡಿದ್ದ. ಆದರೆ ಪುಸ್ತಕದೊಳಗಿನ ಒಬ್ಬ ಹೆಂಗಸಿಗಾಗಿ ನನ್ನ ಜೊತೆ ಮಾತು ಬಿಟ್ಟವರು ಈ ಲೋಕದಲ್ಲಿ ಇವರೊಬ್ಬರೇ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತ ನಾನೊಬ್ಬಳೇ ನಗುತ್ತಿದ್ದೆ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದೆ. ಅತ್ತೆ ಬಿರಬಿರನೆ ಬಂದು ಪುಸ್ತಕದ ಕೊನೆಯ ಪುಟವನ್ನು ನನ್ನ ಮೊರದ ಮೇಲೇ ಇಟ್ಟರು. ಬಸ್ಸು ಹತ್ತುವ ಹೆಂಗಸನ್ನು ಬಿಟ್ಟು, ಹಿಂದೆ ದೂರದ ಮನೆಯ ಅಂಗಳದ ಮೂಲೆಗೆ ಬೆರಳೊತ್ತಿದರು. ಅಲ್ಲೊಂದು ಬೋರಲು ಹಾಕಿದ ಬಿದಿರಿನ ಮಂಕರಿ. ಮಂಕರಿಯ ಸಂದಿಯಿಂದ ಒಂದು ಕೊಕ್ಕು.

“ಕೋಳಿ ಮುಚ್ಚಿಟ್ಟು ಹೋಗವ್ಳೆ. ಊರು ಬಿಟ್ಟೋಗೋಳು ಕೋಳಿ ಬಿಟ್ಟು ಹೋಗ್ತಾಳೆ, ಇಲ್ಲ ಯಾರಿಗಾರ ಕೊಟ್ಟು ಹೋಗ್ತಾಳೆ. ಮುಚ್ಚಾದು ಯಾರು? ಸಾಯಂಕಾಲ ಬಂದು ತೆಗೀತೀನಿ ಅನ್ನೋಳು ತಾನೇ?”

ಬಗ್ಗಿ ನೋಡಿದೆ. ಎಷ್ಟು ಸಲ ಓದಿದ್ದ ಪುಟ. ಮಂಕರಿಯೂ ಇತ್ತು, ಕೊಕ್ಕೂ ಇತ್ತು. ಇವರು ಮಾತು ಬಿಟ್ಟ ಅಷ್ಟೂ ದಿನ ಆ ಪುಟವನ್ನು ಹಿಡಿದುಕೊಂಡೇ ಕೂತಿದ್ದರು. ಅವಳು ವಾಪಸ್ ಬರುತ್ತಾಳೆ, ಅದರಲ್ಲಿ ಅನುಮಾನವೇ ಇರಲಿಲ್ಲ.

ಹೌದು ಅತ್ತೆ ಎನ್ನಲು ಬಾಯಿ ತೆರೆದೆ. ತಲೆಯೆತ್ತಿ ಅವರ ಮುಖ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಅರಳಿಸಿಕೊಂಡು, ನಾನು ಏನನ್ನುತ್ತೇನೋ ಎಂದು ಕಾಯುತ್ತಿದ್ದರು. ಒಪ್ಪಿಕೊಂಡುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತಲ್ಲ.

“ಅದು ಪಕ್ಕದ ಮನೆಯೋರ ಕೋಳಿ ಅತ್ತೆ” ಎಂದೆ.

“ಪಕ್ಕದ್ ಮನೆ ಎಲ್ಲೈತೆ? ತೋರ್ಸು, ಎಲ್ಲೈತೆ?” ಎಂದು ಅತ್ತೆ ಮೊರವನ್ನು ಆಚೆ ತಳ್ಳಿ ನನ್ನ ಪಕ್ಕದಲ್ಲಿ ಕೂತೇಬಿಟ್ಟರು.